ಕಲ್ಹಾತಿನ ಅನ್ನ, ಹೊನ್ನಾವರದ ಮಜ್ಜಿಗೆ

ಒಮಾನ್ ದೇಶದ ಪೂರ್ವತೀರದಲ್ಲಿ, ಸೂರ್ ಪಟ್ಟಣಕ್ಕೆ ಅನತಿದೂರದಲ್ಲಿ, ಬೀಬಿ ಮರಿಯಮಳ ಸಮಾಧಿಮಂದಿರವೊಂದನ್ನುಳಿದು ಬಹುಪಾಲು ಕಲ್ಲುಗುಪ್ಪೆಯಾಗಿ ಬಿದ್ದಿರುವ ಕಲ್ಹಾತ್ ನಗರವು 14ನೆಯ ಶತಮಾನದಲ್ಲಿ ಸಮುದ್ರವಾಣಿಜ್ಯದ ಹೆಬ್ಬಾಗಿಲುಗಳಲ್ಲೊಂದಾಗಿದ್ದಿತು. ಅಲ್ಲಿಗೆ ಬಂದ ಮೊರಾಕೊದ ಯಾತ್ರಿಕ ಇಬ್ನ್ ಬತೂತನು, ಎಲೆಗಳ ಮೇಲೆ ಸುಟ್ಟ ಮೀನನ್ನು ಅನ್ನದೊಡನೆ ಉಂಡು, ಅಂತಹ ರುಚಿಯನ್ನು ಬೇರೆಲ್ಲಿಯೂ ಕಾಣೆನೆಂದನು. ಆ ಅಕ್ಕಿಯು ಭಾರತದಿಂದ ಬರುವುದೆಂಬುದನ್ನು ಸೇರಿಸಲೂ ಮರೆಯಲಿಲ್ಲ. ಒಳನಾಡಿನ ನಿಜ್ವಾದಲ್ಲಿ ಇಸ್ಲಾಮಿನ ಇಬಾದಿ ಪಂಥದವರ ಮತವಿಚಾರ ಅವನಿಗೆ ಹಿಡಿಸಲಿಲ್ಲವಾದರೂ, ಪ್ರತಿಯೊಬ್ಬನೂ ತನ್ನಲ್ಲಿದ್ದುದನ್ನು ಮಸೀದಿಯ ಅಂಗಳಕ್ಕೆ ತಂದು, ದಾರಿಹೋಕರನ್ನೂ ಕೂಡಿಸಿಕೊಂಡು ಉಣ್ಣುವ ಅವರ ಪದ್ಧತಿಯನ್ನು ಅವನು ಬರೆಯದೆ ಬಿಡಲಿಲ್ಲ.

1340ರ ದಶಕದಲ್ಲಿ ಅದೇ ಯಾತ್ರಿಕನು ನಮ್ಮ ಹೊನ್ನಾವರದ ದೊರೆ ಜಮಾಲುದ್ದೀನನ ಅತಿಥಿಯಾಗಿ ತಾಮ್ರದ ತಳಿಗೆಯ ಮುಂದೆ ಕುಳಿತನು. ರೇಷ್ಮೆಯುಟ್ಟ ಪರಿಚಾರಿಕೆಯು ತಾಮ್ರದ ದೊಡ್ಡ ಸೌಟಿನಿಂದ ಅನ್ನ ಬಡಿಸಿ, ತುಪ್ಪವೆರೆದು, ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಯನ್ನು ಬದಿಗಿಡುವಳು. ಅದು ಮುಗಿದರೆ ಮತ್ತೊಂದು ಸೌಟು ಅನ್ನಕ್ಕೆ ಕೋಳಿ, ಇನ್ನೊಂದಕ್ಕೆ ಮೀನು, ಆಮೇಲೆ ಕಾಯಿಪಲ್ಯ. ಕಡೆಗೆ ಮಜ್ಜಿಗೆ ಬಂದಿತೆಂದರೆ ಬಡಿಸುವುದು ಇನ್ನೇನೂ ಉಳಿದಿಲ್ಲವೆಂದರ್ಥ. ಆರು ಶತಮಾನಗಳು ಕಳೆದರೂ ನಮ್ಮ ಪಂಕ್ತಿಗಳಲ್ಲಿ ಮಜ್ಜಿಗೆ ಅದೇ ಸ್ಥಾನದಲ್ಲಿದೆ! ರೊಟ್ಟಿಯ ನಾಡಿನವನಾದ ಆತನು ಇಲ್ಲಿ 11 ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ. ಈ ದಕ್ಷಿಣದ ತೀರಗಳಲ್ಲಿ ಮೂರು ವರ್ಷ ಅನ್ನವೊಂದನ್ನೇ ಉಂಡು, ಕೊನೆಕೊನೆಗೆ ನೀರಿಲ್ಲದೆ ತುತ್ತಿಳಿಯದಾಯಿತೆಂದು ಒಪ್ಪಿಕೊಂಡನು. ಈ ಮಾತನ್ನೋದುವಾಗಲೆಲ್ಲ ಅವನ ಮೇಲಣ ನನ್ನ ಪ್ರೀತಿ ಇಮ್ಮಡಿಸುತ್ತದೆ. ಅಷ್ಟು ಬೇಸತ್ತವನು ಸೌಟಿನ ಲೆಕ್ಕವನ್ನೂ ಉಪ್ಪಿನಕಾಯಿಯ ಹೆಸರನ್ನೂ ತಪ್ಪದೆ ನೆನಪಿಟ್ಟುಕೊಂಡನೆಂದರೆ, ಬಡಿಸಿದವರನ್ನು ಅವನು ಎಷ್ಟು ಆದರದಿಂದ ಕಂಡಿರಬೇಕು!

ಅಕ್ಕಿಯ ಹಾದಿ ಮುಂದೆಯೂ ನಿಲ್ಲಲಿಲ್ಲ. ಕೆಳದಿಯ ಅರಸರ ಕಾಲದಲ್ಲಿ ಕರಾವಳಿಯ ಅಕ್ಕಿ ಮಸ್ಕತ್ತನ್ನು ಸಾಕಿತು. ಟಿಪ್ಪು ಸುಲ್ತಾನನು ಅಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದನು.

ಈಗ ಮಸ್ಕತ್ತಿನಲ್ಲಿ ದುಡಿಯುವ ಕನ್ನಡಿಗನು ಒಮಾನಿಯೊಬ್ಬರ ಮನೆಗೆ ಹೋದರೆ ಮೊದಲು ಬರುವುದು ಖರ್ಜೂರ, ಹಲ್ವ, ಏಲಕ್ಕಿಯ ಪರಿಮಳದ ಕಹ್ವಾ ಎಂಬ ಕಾಫಿ. ಅದನ್ನು ಕೊಡುವ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಫಿಂಜಾನ್ ಎಂದು ಹೆಸರು. ಬರಿದಾದಂತೆಲ್ಲ ಅದು ತುಂಬುತ್ತಲೇ ಇರುವುದು. ಸಾಕೆನ್ನಲು ಅದನ್ನು ಮೆಲ್ಲನೆ ಅಲ್ಲಾಡಿಸಬೇಕು. ಎಲೆಯ ಮೇಲೆ ಅಂಗೈ ಅಡ್ಡವಿಟ್ಟು ರೂಢಿಯಾದ ನಮ್ಮವನು ಇದನ್ನರಿಯದೆ ಕುಡಿಯುತ್ತಲೇ ಇರುವನು, ಪಕ್ಕದಲ್ಲಿ ಕುಳಿತವರು ತಮ್ಮ ಬರಿಯ ಬಟ್ಟಲನ್ನೆತ್ತಿ ಅಲ್ಲಾಡಿಸಿ ತೋರಿಸುವವರೆಗೆ.