ಮಕ್ಕಳು, ಮೊಬೈಲು ಮತ್ತು ಒಂದು ಹಳೆಯ ಪಾಠ



ಕಳೆದ ಶತಮಾನದ ಇಪ್ಪತ್ತರ ದಶಕದಿಂದ ಐವತ್ತರ ದಶಕದವರೆಗೆ ಅಮೆರಿಕ, ಇಂಗ್ಲೆಂಡ್‌ಗಳ ಪಾದರಕ್ಷೆಯ ಅಂಗಡಿಗಳಲ್ಲಿ ಮರದ ಪೆಟ್ಟಿಗೆಯಂಥ ಒಂದು ಯಂತ್ರವಿರುತ್ತಿತ್ತು. ಹೊಸ ಬೂಟು ತೊಟ್ಟ ಮಗು ಅದರೊಳಗೆ ಪಾದವಿರಿಸಿ ನಿಂತರೆ, ಮೇಲಿನ ಮೂರು ಕಿಂಡಿಗಳಿಂದ ಮಗು, ತಾಯಿ, ಅಂಗಡಿಯವ ಮೂವರೂ ಬಗ್ಗಿ ನೋಡಬಹುದಾಗಿತ್ತು. ಬೂಟಿನೊಳಗೆ ಬೆರಳುಗಳ ಎಲುಬು ಅಲುಗುವುದು ಕಾಣುತ್ತಿತ್ತು. ಅದು ಕ್ಷ-ಕಿರಣದ ಯಂತ್ರ!

ರಾಂಟ್ಜನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಮರುವರ್ಷವೇ ಅದರಿಂದ ಚರ್ಮ ಸುಟ್ಟ ವರದಿಗಳು ಬಂದಿದ್ದವು. ಆದರೂ ಬೂಟಿನ ಅಳತೆಗಾಗಿ ಎಳೆಯ ಪಾದಗಳನ್ನು ಆ ಕಿರಣಕ್ಕೊಡ್ಡಲು ಯಾರೂ ಹಿಂಜರಿಯಲಿಲ್ಲ. ನಲವತ್ತರ ದಶಕದ ಕೊನೆಗೆ ತಜ್ಞರ ಎಚ್ಚರಿಕೆಯ ದನಿ ಬಲವಾಯಿತು. 1957ರಲ್ಲಿ ಪೆನ್ಸಿಲ್ವೇನಿಯ ರಾಜ್ಯವು ಆ ಯಂತ್ರವನ್ನು ನಿಷೇಧಿಸಿತು. ಕೇಳಬೇಕಾದ ಪ್ರಶ್ನೆಯನ್ನು ಹಿರಿಯರು ತಡವಾಗಿ ಕೇಳಿದ್ದರು.

ಈಗ ನಮ್ಮ ಕಾಲಕ್ಕೆ ಬರೋಣ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದರು. ಭಾರತದಲ್ಲಿ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಈ ಸಲ ಪ್ರಶ್ನೆ ಬೇಗನೆ ಎದ್ದಿತು. 2000ದಲ್ಲಿ ಸರ್ ವಿಲಿಯಂ ಸ್ಟೂವರ್ಟ್ ನೇತೃತ್ವದ ಬ್ರಿಟಿಷ್ ತಜ್ಞರ ಸಮಿತಿಯು, ಹಾನಿಗೆ ಪುರಾವೆ ಸಿಕ್ಕಿಲ್ಲವೆಂದು ಹೇಳಿಯೂ, ಬೆಳೆಯುವ ಮಕ್ಕಳು ಅನಗತ್ಯವಾಗಿ ಮೊಬೈಲ್ ಬಳಸದಂತೆ ನೋಡಿಕೊಳ್ಳಬೇಕೆಂದು ಸಲಹೆಯಿತ್ತಿತು.

ಇಲ್ಲೊಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಕ್ಷ-ಕಿರಣವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆದು ಜೀವಕೋಶದ ತಿರುಳನ್ನೇ ಕೆಡಿಸಬಲ್ಲದು. ಮೊಬೈಲಿನ ಅಲೆಗಳು ರೇಡಿಯೋ ಅಲೆಗಳ ಕುಲಕ್ಕೆ ಸೇರಿದವು; ಅವುಗಳಿಗೆ ಆ ಶಕ್ತಿಯಿಲ್ಲ. ದೇಹವನ್ನು ತುಸು ಬಿಸಿ ಮಾಡುವುದೇ ಅವುಗಳ ದೃಢಪಟ್ಟ ಪರಿಣಾಮ.

2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಅಲೆಗಳನ್ನು 'ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯುಳ್ಳವು' ಎಂಬ ಪಟ್ಟಿಗೆ ಸೇರಿಸಿದಾಗ ತಾಯ್ತಂದೆಯರು ಬೆಚ್ಚಿದ್ದು ಸಹಜ. ಆದರೆ ಆ ಮಾತಿನ ಅರ್ಥ, ಪುರಾವೆ ಅಲ್ಪ, ಶಂಕೆ ತೀರಿಲ್ಲ ಎಂದಷ್ಟೇ. 2012ರ ಸೆಪ್ಟೆಂಬರ್‌ನಿಂದ ಭಾರತವು ದೇಹ ಹೀರಬಹುದಾದ ವಿಕಿರಣದ ಮಿತಿಯನ್ನು ಕಿಲೋಗ್ರಾಮಿಗೆ 1.6 ವ್ಯಾಟ್‌ಗೆ ಇಳಿಸಿತು. ಭಾರತವೂ ಸೇರಿದಂತೆ 14 ದೇಶಗಳಲ್ಲಿ, 10ರಿಂದ 24 ವಯಸ್ಸಿನವರ ನಡುವೆ 'ಮೊಬಿ-ಕಿಡ್ಸ್' ಎಂಬ ಅಧ್ಯಯನ ನಡೆಯಿತು. ಅದರ ಫಲಿತಾಂಶ ಹೊರಬಂದದ್ದು 2021ರ ಕೊನೆಗೆ: ಎಳೆಯರ ಮಿದುಳಿನ ಗೆಡ್ಡೆಗೆ ಮೊಬೈಲ್ ಕಾರಣವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದ 2024ರ ಸಮಗ್ರ ಪರಿಶೀಲನೆಯೂ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಹಾಗಾದರೆ ನಿಶ್ಚಿಂತರಾಗಿರಬಹುದೇ? ವಿಕಿರಣದ ಮಟ್ಟಿಗೆ ಭಯಪಡಬೇಕಾಗಿಲ್ಲ. ದೀರ್ಘ ಮಾತುಕತೆಗೆ ಫೋನನ್ನು ಕಿವಿಯಿಂದ ತುಸು ದೂರವಿಡುವಷ್ಟು ಎಚ್ಚರ ಸಾಕು. ಆದರೆ ಅಳುವ ಕೂಸಿನ ಕೈಗೆ ಮೊಬೈಲಿತ್ತು ನಾವು ಬೇರೆ ಕೆಲಸಕ್ಕೆ ತಿರುಗುತ್ತೇವಲ್ಲ, ಆಗ ನಡೆಯುವುದನ್ನು ಅಳೆಯುವ ಮಾಪಕ ಯಾವುದು? ವರ್ಷ ತುಂಬದ ಕೂಸಿಗೆ ತೆರೆಯ ನೋಟವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು ಎಂದು 2019ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಕಾರಣ ವಿಕಿರಣವಲ್ಲ; ಕೂಸು ಕಳೆದುಕೊಳ್ಳುವ ನಿದ್ದೆ, ಆಟ, ಓಡಾಟ.

ಬೂಟಿನ ಅಂಗಡಿಯಲ್ಲಿ ಆ ತಾಯಿಯೂ ಮಗುವಿನ ಹಿತವನ್ನೇ ಬಯಸಿ ಕಿಂಡಿಯೊಳಗೆ ಬಗ್ಗಿದ್ದಳು. ನಾವೂ ಹಿತವನ್ನೇ ಬಯಸುತ್ತೇವೆ. ಪ್ರಶ್ನೆಯನ್ನು ಸಕಾಲದಲ್ಲಿ ಕೇಳುವುದು, ಉತ್ತರ ಬಂದಾಗ ಅದನ್ನು ಒಪ್ಪುವುದು, ಇವೆರಡೂ ಆ ಹಿತದ ಭಾಗಗಳೇ ಅಲ್ಲವೇ?