ಸಸ್ಯಾಹಾರವೂ ಹರೆಯದ ಬೆಳವಣಿಗೆಯೂ: ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಈ ನಾಡಿನಲ್ಲಿ ಕನ್ನಡಿಗರು ಸೇರುವ ಕೂಟಗಳಲ್ಲಿ ವೈದ್ಯರಾದವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಡಾಕ್ಟ್ರೇ, ನಮ್ಮ ಹುಡುಗ ತರಗತಿಯ ಬಿಳಿಯ ಹುಡುಗರಿಗಿಂತ ಗಿಡ್ಡನಾಗಿದ್ದಾನೆ. ಮಾಂಸ ತಿನ್ನದಿರುವುದೇ ಕಾರಣವೇ?" ಕೇಳುವ ತಾಯಿತಂದೆಯರ ಮುಖದಲ್ಲಿ ಆತಂಕವೂ ಇರುತ್ತದೆ, ತಲೆಮಾರುಗಳ ಆಚಾರವನ್ನು ಬಿಡಬೇಕಾದೀತೇ ಎಂಬ ಅಳುಕೂ ಇರುತ್ತದೆ. ಈ ಪ್ರಶ್ನೆ ಇಂದಿನದಲ್ಲ. ಇದರ ಹಿಂದೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಉತ್ತರವೂ ಆ ಚರಿತ್ರೆಯಲ್ಲಿಯೇ ದೊರೆಯುತ್ತದೆ.

1880ರ ದಶಕದ ರಾಜಕೋಟ್‌ನಲ್ಲಿ ಶಾಲಾಬಾಲಕನಾಗಿದ್ದ ಮೋಹನದಾಸ ಗಾಂಧಿಯವರನ್ನು ಕಾಡಿದ್ದೂ ಇದೇ ಪ್ರಶ್ನೆ. ಆಂಗ್ಲರು ಎತ್ತರವಾಗಿ, ಬಲಶಾಲಿಗಳಾಗಿ ನಮ್ಮನ್ನು ಆಳುತ್ತಿರುವುದು ಮಾಂಸಾಹಾರದ ಬಲದಿಂದ ಎಂಬ ನಂಬಿಕೆ ಆಗ ಹುಡುಗರಲ್ಲಿ ಹರಡಿತ್ತು. ಗೆಳೆಯನೊಬ್ಬನ ಒತ್ತಾಯಕ್ಕೆ ಮಣಿದು ತಾವು ಕದ್ದು ಮಾಂಸ ತಿಂದುದನ್ನೂ, ಹೆತ್ತವರಿಗೆ ಸುಳ್ಳು ಹೇಳಲಾರದೆ ಅದನ್ನು ಬಿಟ್ಟುದನ್ನೂ ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆಳುವವರ ಎತ್ತರವನ್ನು ಅವರ ತಟ್ಟೆಯೊಡನೆ ತಳುಕುಹಾಕಿದ ಕಾಲವದು.

ಈ ನಂಬಿಕೆಗೆ ವಿಜ್ಞಾನದ ಉಡುಪು ತೊಡಿಸಿದವರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡೇವಿಡ್ ಮೆಕೇ ಪ್ರಮುಖರು. 1912ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ಬಂಗಾಳಿಗಳ ದೇಹದಾರ್ಢ್ಯ ಕಡಿಮೆಯಿರುವುದಕ್ಕೆ ಆಹಾರದಲ್ಲಿನ ಪ್ರೋಟೀನಿನ ಕೊರತೆಯೇ ಕಾರಣವೆಂದು ವಾದಿಸಿದರು. ಆದರೆ ಬಡತನ, ಮಲೇರಿಯ, ಕೊಕ್ಕೆಹುಳುವಿನ ಬಾಧೆ ಇವೆಲ್ಲವೂ ಅದೇ ಜನರನ್ನು ಕಾಡುತ್ತಿದ್ದವು. ಇವುಗಳ ಪಾಲೆಷ್ಟು, ಆಹಾರದ ಪಾಲೆಷ್ಟು ಎಂದು ಬೇರ್ಪಡಿಸದೆ ತೀರ್ಪು ನೀಡುವುದು ಸರಿಯಾಗದು.

ಅನಂತರ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೇರೆಯೇ ದಾರಿ ಹಿಡಿದರು. ಭಾರತದ ನಾನಾ ಪ್ರಾಂತಗಳ ಜನರ ಊಟವನ್ನು ಹೋಲುವ ಆಹಾರವನ್ನು ಇಲಿಗಳಿಗೆ ನೀಡಿ, ಅವುಗಳ ಬೆಳವಣಿಗೆಯನ್ನು ಅಳೆದರು. ಸಿಖ್ಖರ ಮಾದರಿಯ ಊಟ ಉಂಡ ಇಲಿಗಳು ಚೆನ್ನಾಗಿ ಬೆಳೆದವು. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದ ಮದ್ರಾಸ್ ಕಡೆಯ ಊಟ ಉಂಡವು ಹಿಂದೆ ಬಿದ್ದವು. ಆದರೆ ಸಿಖ್ಖರ ಆ ಊಟದಲ್ಲಿ ಇದ್ದುದೇನು? ಗೋಧಿರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ತರಕಾರಿ, ಅಪರೂಪಕ್ಕೊಮ್ಮೆ ತುಸು ಮಾಂಸ. ಎರಡು ಊಟಗಳ ನಡುವಣ ಮುಖ್ಯ ಅಂತರ ಮಾಂಸವಲ್ಲ. ತೌಡು ಕಳೆಯದ ಧಾನ್ಯ ಹಾಗೂ ಹಾಲು. ಕೂನೂರಿನ ಆ ಸಂಶೋಧನಾಲಯವೇ ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಹಾಲಿನ ಮಹಿಮೆ ಮನುಷ್ಯರಲ್ಲಿ ಸ್ಪಷ್ಟವಾಗಿ ಕಂಡದ್ದು ಇದೇ ಬ್ರಿಟನ್ನಿನಲ್ಲಿ. ಲಂಡನ್ ಸಮೀಪದ ಬಾಲಕರ ವಸತಿಗೃಹವೊಂದರಲ್ಲಿ ಕೋರಿ ಮ್ಯಾನ್ ನಡೆಸಿದ ಪ್ರಯೋಗದ ವರದಿ 1926ರಲ್ಲಿ ಹೊರಬಂದಿತು. ಸಾಕೆನಿಸುವಂತಿದ್ದ ದೈನಂದಿನ ಊಟವನ್ನಷ್ಟೇ ಉಂಡ ಹುಡುಗರು ವರ್ಷಕ್ಕೆ 1.84 ಅಂಗುಲ ಬೆಳೆದರೆ, ಅದರ ಜೊತೆಗೆ ದಿನಕ್ಕೊಂದು ಪಿಂಟ್ ಹಾಲು ಕುಡಿದವರು 2.63 ಅಂಗುಲ ಬೆಳೆದರು. ಸಕ್ಕರೆ, ಬೆಣ್ಣೆ, ಮಾರ್ಗರೀನ್ ಮೊದಲಾದ ಬೇರಾವ ಪೂರಕ ಆಹಾರವೂ ಹಾಲಿಗೆ ಸಾಟಿಯಾಗಲಿಲ್ಲ. ಬ್ರಿಟನ್ನಿನ ಶಾಲೆಗಳಿಗೆ ಹಾಲು ಬಂದದ್ದಕ್ಕೆ ಇಂತಹ ಅಧ್ಯಯನಗಳೇ ಬಲ ನೀಡಿದವು. 2013ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಿಂದಿರುವುದೂ ಇದೇ ಅರಿವು.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಚರಿತ್ರೆಯ ಇನ್ನೊಂದು ಅಧ್ಯಾಯ ನಮ್ಮಂತಹ ವಲಸಿಗರದೇ ಆಗಿದೆ. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೋ ನಗರದ ವೈದ್ಯರು ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ, ವಿಶೇಷವಾಗಿ ಹರೆಯದವರಲ್ಲಿ, ರಿಕೆಟ್ಸ್ ರೋಗವನ್ನು ಗುರುತಿಸಿದರು. ಈ ದೇಶದಿಂದ ಬಹುಮಟ್ಟಿಗೆ ಮರೆಯಾಗಿದ್ದ ಕಾಯಿಲೆ ವಲಸಿಗರ ಮನೆಗಳಲ್ಲಿ ಮರಳಿ ಕಾಣಿಸಿಕೊಂಡಿತ್ತು. ವಿಟಮಿನ್ ಡಿ ಕೊರತೆಯೇ ಮೂಲಕಾರಣ. ಬಿಸಿಲಿಲ್ಲದ ನಾಡು ಮತ್ತು ಕಪ್ಪು ಮೈಬಣ್ಣದ ಜೊತೆಗೆ ಆಹಾರವೂ ಕಾರಣವಾಗಿತ್ತು: ಮಾಂಸ ತಿನ್ನದವರಲ್ಲಿ ಅಪಾಯ ಹೆಚ್ಚೆಂದು ಗ್ಲಾಸ್ಗೋದ ಮುಂದಿನ ಅಧ್ಯಯನಗಳು ತೋರಿಸಿದವು. 1981ರಲ್ಲಿ ಸರ್ಕಾರ ರಿಕೆಟ್ಸ್ ತಡೆಯಲು ರಾಷ್ಟ್ರಮಟ್ಟದ ಆಂದೋಲನವನ್ನೇ ನಡೆಸಬೇಕಾಯಿತು. ಊರಿನಲ್ಲಿ ಅಂಗಳದ ಬಿಸಿಲು ತುಂಬಿಕೊಡುತ್ತಿದ್ದುದನ್ನು ಇಲ್ಲಿನ ಮೋಡ ಕಿತ್ತುಕೊಂಡಿತು ಎನ್ನಬಹುದು.

ಇನ್ನು ಇತ್ತೀಚಿನ ದಶಕಗಳ ಅಧ್ಯಯನಗಳು. ಕ್ಯಾಲಿಫೋರ್ನಿಯದ ಅಡ್ವೆಂಟಿಸ್ಟ್ ಪಂಥದ ಸಸ್ಯಾಹಾರಿ ಮಕ್ಕಳು ಹಾಗೂ ಹರೆಯದವರು ಮಾಂಸಾಹಾರಿ ಸಹಪಾಠಿಗಳಿಗಿಂತ ಗಿಡ್ಡರಾಗಿರಲಿಲ್ಲ. ಹುಡುಗರು ಸರಾಸರಿ 2.5 ಸೆಂ.ಮೀ., ಹುಡುಗಿಯರು 2 ಸೆಂ.ಮೀ. ಎತ್ತರವಾಗಿಯೇ ಇದ್ದರೆಂದು 1991ರ ವರದಿ ತಿಳಿಸಿತು. ಅವರು ಹಾಲು, ಮೊಟ್ಟೆಗಳನ್ನು ಸೇವಿಸುತ್ತಿದ್ದವರು ಎಂಬುದನ್ನು ಮರೆಯಬಾರದು. ಇದಕ್ಕೆ ವಿರುದ್ಧವಾಗಿ ನೆದರ್ಲೆಂಡ್ಸ್‌ನಲ್ಲಿ ಹಾಲನ್ನೂ ಬಹುಪಾಲು ತ್ಯಜಿಸಿ ಧಾನ್ಯ, ತರಕಾರಿ, ಕಾಳುಗಳಿಗೆ ಸೀಮಿತವಾದ ಮ್ಯಾಕ್ರೋಬಯಾಟಿಕ್ ಕುಟುಂಬಗಳ ಶಿಶುಗಳ ಬೆಳವಣಿಗೆ ಕುಂಠಿತವಾಗಿತ್ತು. ಅವರಲ್ಲಿ ಬಿ12 ಕೊರತೆಯೂ ರಿಕೆಟ್ಸ್ ಕೂಡ ಕಂಡುಬಂದವು. ಹರೆಯಕ್ಕೆ ಬಂದಾಗಲೂ ಮೂಳೆಗಳ ಖನಿಜಾಂಶ ಕಡಿಮೆಯಿತ್ತು. ಪೋಲೆಂಡಿನಲ್ಲಿ 5ರಿಂದ 10 ವರ್ಷದ ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೀಗನ್ ಮಕ್ಕಳು ಸರಾಸರಿ 3 ಸೆಂ.ಮೀ.ನಷ್ಟು ಗಿಡ್ಡರಾಗಿದ್ದರು. ಮರುವರ್ಷ ಕೆನಡಾದಿಂದ ಬಂದ ಅಧ್ಯಯನದ ಪ್ರಕಾರ ಸಸ್ಯಾಹಾರಿ ಮಕ್ಕಳ ಎತ್ತರದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ತೂಕ ಕಡಿಮೆಯಿರುವ ಸಾಧ್ಯತೆ ಅವರಲ್ಲಿ ಹೆಚ್ಚಿತ್ತು.

ಈ ಚರಿತ್ರೆ ಸೂಚಿಸುವ ತೀರ್ಮಾನ ಇಷ್ಟು: ಹಾಲು, ಮೊಸರು, ಕಾಳುಗಳಿಂದ ತುಂಬಿದ ಸಸ್ಯಾಹಾರ ಹರೆಯದ ಬೆಳವಣಿಗೆಗೆ ತಡೆಯಲ್ಲ. ಬಡವಾದ ಸಸ್ಯಾಹಾರ ಖಂಡಿತ ತಡೆ. ನಮ್ಮ ಹಿರಿಯರ ಸಸ್ಯಾಹಾರ ಹಾಲು, ಮಜ್ಜಿಗೆಗಳ ಮೇಲೆ ನಿಂತಿತ್ತು. ನಮ್ಮ ಮಕ್ಕಳ ತಟ್ಟೆಯಲ್ಲಿ ಇಂದು ಉಳಿದಿರುವುದು ಬಹಳ ಸಲ ಪಾಸ್ತಾ, ಚಿಪ್ಸ್, ಬಿಳಿ ಬ್ರೆಡ್. ಪ್ರಾಣಿದಯೆಯಿಂದಲೋ ಪರಿಸರದ ಕಾಳಜಿಯಿಂದಲೋ ಹಾಲನ್ನೂ ಬಿಡುವ ಹದಿಹರೆಯದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಆದರ್ಶವನ್ನು ಗೇಲಿಮಾಡಬೇಡಿ. ಆದರೆ ಬಿ12 ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಅವರಿಗೆ ಅನಿವಾರ್ಯವೆಂಬುದನ್ನು ತಿಳಿಹೇಳಿ. ಈ ದೇಶದಲ್ಲಿ ಅಯೋಡಿನ್ ಮುಖ್ಯವಾಗಿ ದೊರೆಯುವುದು ಹಾಲಿನಿಂದ. ಓಟ್ಸ್ ಅಥವಾ ಬಾದಾಮಿಯ 'ಹಾಲು' ಕೊಳ್ಳುವಾಗ ಕ್ಯಾಲ್ಸಿಯಂ, ಅಯೋಡಿನ್, ಬಿ12 ಸೇರಿಸಿದೆಯೇ ಎಂದು ಪೊಟ್ಟಣವನ್ನು ಓದಿ ನೋಡಿ. ಚಳಿಗಾಲದ ತಿಂಗಳುಗಳಲ್ಲಿ ಮನೆಮಂದಿಗೆಲ್ಲ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಇರಲಿ. ಋತುಮತಿಯರಾದ ಹುಡುಗಿಯರಿಗೆ ಕಬ್ಬಿಣಾಂಶ ವಿಶೇಷವಾಗಿ ಬೇಕು. ಹುರುಳಿ, ಕಡಲೆ, ಸೊಪ್ಪುಗಳ ಮೇಲೆ ನಿಂಬೆರಸ ಹಿಂಡಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ರಾಗಿಯನ್ನು ಮರೆಯದಿರಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿಗಳು ಅದರ ಹತ್ತಿರಕ್ಕೂ ಬರಲಾರವು.

ಕೊನೆಯದಾಗಿ, ಮಗುವಿನ ಎತ್ತರವನ್ನು ಪಕ್ಕದ ಬೆಂಚಿನ ಹುಡುಗನೊಡನೆ ಹೋಲಿಸಬೇಡಿ. ತಾಯಿತಂದೆಯರ ಎತ್ತರವೇ ಮೊದಲ ಅಳತೆಗೋಲು. ಹರೆಯ ತಡವಾಗಿ ಬಂದವರು ತಡವಾಗಿಯೇ ಚಿಗುರುತ್ತಾರೆ. ಆರು ತಿಂಗಳಿಗೊಮ್ಮೆ ಅಳೆದು ಬೆಳವಣಿಗೆಯ ನಕ್ಷೆಯಲ್ಲಿ ಗುರುತುಹಾಕಿ. ಮಗು ತನ್ನದೇ ರೇಖೆಯಲ್ಲಿ ಸಾಗುತ್ತಿದ್ದರೆ ಚಿಂತೆಯಿಲ್ಲ. ಆ ರೇಖೆಯಿಂದ ಕೆಳಗಿಳಿಯತೊಡಗಿದರೆ, ಊಟದ ಮೇಲೆ ತಪ್ಪು ಹೊರಿಸಿ ಸುಮ್ಮನಾಗದೆ ವೈದ್ಯರನ್ನು ಕಾಣಿರಿ. ಥೈರಾಯ್ಡ್ ಅಥವಾ ಕರುಳಿನ ತೊಂದರೆಯಂತಹ ಬೇರೆ ಕಾರಣಗಳೂ ಇರಬಹುದು, ಮತ್ತು ಅವುಗಳಿಗೆ ಚಿಕಿತ್ಸೆ ಇದೆ.