ಹರ್ಮನ್ ಮೊಗ್ಲಿಂಗರೂ ಬಸವಪುರಾಣದ ಕಲ್ಲಚ್ಚೂ

ವೀರಶೈವ ಸಾಹಿತ್ಯವು ಓಲೆಗರಿಯಿಂದ ಅಚ್ಚಿನ ಪುಟಕ್ಕೆ ಬಂದ ಇತಿಹಾಸವನ್ನು ಹೇಳುವಾಗ ಡಾ. ಫ. ಗು. ಹಳಕಟ್ಟಿಯವರಿಂದ ಆರಂಭಿಸುವುದು ರೂಢಿ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಆ ಮಹನೀಯರ ಶ್ರಮವನ್ನು ನೆನೆದರೆ ಈ ರೂಢಿ ಯುಕ್ತವಾದುದೇ ಸರಿ. ಆದರೆ ಅದಕ್ಕೂ ಸುಮಾರು ಏಳು ದಶಕಗಳ ಹಿಂದೆಯೇ ಮಂಗಳೂರಿನ ಒಂದು ಕಲ್ಲಚ್ಚಿನ ಯಂತ್ರದಿಂದ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಅಚ್ಚಾಗಿ ಬಂದಿದ್ದವು. ಅವುಗಳನ್ನು ಅಚ್ಚು ಹಾಕಿಸಿದವರು ಮಠಾಧಿಪತಿಗಳಲ್ಲ, ಶರಣಧರ್ಮದ ಅನುಯಾಯಿಗಳೂ ಅಲ್ಲ. ಕ್ರೈಸ್ತಮತವನ್ನು ಬೋಧಿಸುವ ಉದ್ದೇಶದಿಂದಲೇ ಸಮುದ್ರ ದಾಟಿ ಬಂದ ಜರ್ಮನಿಯ ಉಪಾಧ್ಯಾಯರೊಬ್ಬರು. ಅವರೇ ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗರು. ಖಂಡಿಸಲೆಂದು ಬಂದವರ ಕೈಯಿಂದಲೇ ಈ ಗ್ರಂಥಗಳು ರಕ್ಷಣೆ ಪಡೆದುದು ಹೇಗೆ ಎಂಬುದು ವಿಚಾರಯೋಗ್ಯವಾದ ಸಂಗತಿ.

ಮೊಗ್ಲಿಂಗರು ಜನಿಸಿದುದು 1811ರಲ್ಲಿ, ದಕ್ಷಿಣ ಜರ್ಮನಿಯ ವೂರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರು ದೇವಶಾಸ್ತ್ರವನ್ನು ಅಭ್ಯಸಿಸಿದರು. ಸ್ವದೇಶದಲ್ಲಿಯೇ ಪಾದ್ರಿಯಾಗಿ ನೆಮ್ಮದಿಯಿಂದ ಬಾಳಬಹುದಾಗಿದ್ದ ಈ ತರುಣರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯನ್ನು ಸೇರಿದರು. ಬ್ರಿಟಿಷರಲ್ಲದ ಮಿಶನರಿಗಳು ಭಾರತದಲ್ಲಿ ನೆಲೆಸಲು 1833ರ ಸನ್ನದು ದಾರಿ ತೆರೆದಿತ್ತು. ಅದರ ಫಲವಾಗಿ ಬಾಸೆಲ್ ಸಂಸ್ಥೆಯ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದಿದ್ದರು. ಅವರ ಬೆನ್ನಿಗೆ, 1836ರ ಕೊನೆಯಲ್ಲಿ, ಮೊಗ್ಲಿಂಗರು ಬಂದರು. ಆಗ ಅವರ ವಯಸ್ಸು ಇಪ್ಪತ್ತೈದು. ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮೊದಲು ಯೂರೋಪಿನಿಂದ ಈ ಕರಾವಳಿಗೆ ಬರುವುದೆಂದರೆ ತಿಂಗಳುಗಟ್ಟಲೆ ಪ್ರಯಾಣ. ಹೀಗೆ ಹೊರಟವರು ಮತ್ತೆ ತಾಯ್ನಾಡನ್ನು ಕಾಣುವರೆಂಬ ಭರವಸೆ ಇರುತ್ತಿರಲಿಲ್ಲ.

ಅವರು ಬಂದ ಕಾಲದಲ್ಲಿ ನಾಡು ಶಾಂತವಾಗಿರಲಿಲ್ಲ. 1834ರಲ್ಲಿ ಕಂಪನಿ ಸರಕಾರವು ಹಾಲೇರಿ ವಂಶದ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತ್ತು. ಅದರ ಬೇಗೆ ಆರಿರಲಿಲ್ಲ. 1837ರ ಏಪ್ರಿಲ್ ತಿಂಗಳಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹೊಕ್ಕು ಕೆಲವು ದಿನಗಳ ಕಾಲ ಅದನ್ನು ಕೈವಶ ಮಾಡಿಕೊಂಡಿತು. ಜನರು ಇಂದಿಗೂ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆಯುವ ಬಂಡಾಯವಿದು. ಪರದೇಶದಿಂದ ಬಂದ ಬಿಳಿಯ ಬೋಧಕನನ್ನು ಕಂಪನಿಯ ಅಧಿಕಾರಿಗಳಿಂದ ಬೇರ್ಪಡಿಸಿ ನೋಡುವುದು ಅಂದಿನ ಜನರಿಗೆ ಸುಲಭವಾಗಿರಲಿಲ್ಲವೆಂಬುದನ್ನು ಮರೆಯಬಾರದು.

ಮೊದಲ ವರ್ಷಗಳಲ್ಲಿ ಮೊಗ್ಲಿಂಗರು ಘಟ್ಟವನ್ನು ಹತ್ತಿ ಧಾರವಾಡ, ಹುಬ್ಬಳ್ಳಿಗಳ ಸೀಮೆಯಲ್ಲಿಯೂ ಸಂಚರಿಸಿದರು. ಕರಾವಳಿಯಲ್ಲಿ ತುಳು, ಕೊಂಕಣಿಗಳ ನಡುವೆ ಕನ್ನಡವನ್ನು ಕಲಿಯತೊಡಗಿದ ಅವರಿಗೆ, ಹಳ್ಳಿ ಹಳ್ಳಿಗಳಲ್ಲಿ ಮಠಗಳಿರುವ, ಮನೆಮಾತೂ ಕಾವ್ಯದ ಮಾತೂ ಕನ್ನಡವೇ ಆಗಿರುವ ಬಯಲುನಾಡು ಒಂದು ಹೊಸ ಲೋಕವನ್ನೇ ತೋರಿಸಿತು. ವೀರಶೈವ ಜನಜೀವನದ ಪರಿಚಯ ಅವರಿಗಾದುದು ಈ ಭಾಗದಲ್ಲಿ. ಕಾಲಜ್ಞಾನದ ವಾಕ್ಯಗಳನ್ನು ನಂಬಿ, ಮುಂದೆ ಬರಲಿರುವ ಒಡೆಯನಿಗಾಗಿ ಕಾಯುತ್ತಿದ್ದ ಜನರ ಗುಂಪುಗಳು ಅಲ್ಲಿ ಇದ್ದವು. ತಮ್ಮ ಗ್ರಂಥಗಳು ಸೂಚಿಸಿದವರು ಈ ಪರದೇಶಿಗಳೇ ಇರಬಹುದೆಂದು ಅವರಲ್ಲಿ ಕೆಲವರು ಭಾವಿಸಿ ಮಿಶನರಿಗಳನ್ನು ಸಮೀಪಿಸಿದರು. ಸಾವಿರಾರು ಜನ ಒಮ್ಮೆಗೇ ತಮ್ಮ ಮತಕ್ಕೆ ಬರುವರೆಂದು ಮಿಶನರಿಗಳು ಹಿಗ್ಗಿದರು. ಅಂಥವರಿಗಾಗಿಯೇ ಬೆಟಗೇರಿಗೆ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಒಂದು ನೆಲೆಯನ್ನೂ ಕಲ್ಪಿಸಿದರು. ಆದರೆ ಆ ಹಿಗ್ಗು ಬಹುಕಾಲ ಉಳಿಯಲಿಲ್ಲ. ಒಂದು ಸಮಾಜದ ಶ್ರದ್ಧೆ ಎಲ್ಲಿ ಬೇರೂರಿದೆ ಎಂಬುದನ್ನು ತಿಳಿಯದೆ ಅದರ ಮಾತನ್ನು ಅರ್ಥಮಾಡಿಕೊಳ್ಳುವುದು ಅಸಾಧ್ಯವೆಂಬ ಪಾಠವನ್ನು ಈ ಪ್ರಸಂಗ ಕಲಿಸಿತು. ಜನರ ಗ್ರಂಥಗಳನ್ನು ಓದಬೇಕೆಂಬ ಮಾತು ಆಮೇಲೆ ಬರಿಯ ಕುತೂಹಲವಾಗಿ ಉಳಿಯಲು ಆಸ್ಪದವಿರಲಿಲ್ಲ.

ಮಂಗಳೂರಿಗೆ ಹಿಂದಿರುಗಿದ ಮೊಗ್ಲಿಂಗರು ಅಧ್ಯಾಪನವನ್ನೇ ಮುಖ್ಯ ಉದ್ಯೋಗವನ್ನಾಗಿ ಮಾಡಿಕೊಂಡರು. ಮುಂದೆ ಬೋಧಕರಾಗಲಿರುವ ಬಾಲಕರಿಗಾಗಿ ಅವರು ಶಾಲೆಯನ್ನು ನಡೆಸಿದರು. ವಿದ್ಯಾರ್ಥಿಗಳೊಡನೆ ಒಂದೇ ಮನೆಯಲ್ಲಿದ್ದು, ಅವರು ಉಂಡುದನ್ನೇ ಉಂಡು ಬಾಳುವ ಕ್ರಮವನ್ನು ಅವರು ಕೈಕೊಂಡರು. ಬಂಗಲೆಯಲ್ಲಿ ಕುಳಿತು ಪಾಠ ಹೇಳುವ ಪದ್ಧತಿಯಿಂದ ಇದು ದೂರವಾದುದು. ಗುರುವಿನ ಮನೆಯಲ್ಲಿಯೇ ಇದ್ದು ಕಲಿಯುವ ಈ ನಾಡಿನ ಹಳೆಯ ಸಂಪ್ರದಾಯಕ್ಕೆ ಹತ್ತಿರವಾದುದು. ಹೀಗೆ ಹಗಲಿರುಳು ಕನ್ನಡದಲ್ಲಿಯೇ ಬಾಳಿದುದರಿಂದ ಭಾಷೆ ಅವರಿಗೆ ಒಲಿಯಿತು.

ಆದರೆ ಈ ಶಾಲೆಗಳ ಇತಿಹಾಸದಲ್ಲಿ ಕಣ್ಣೀರಿನ ಪುಟವೂ ಇದೆ. 1844ರ ಜನವರಿಯಲ್ಲಿ ಸಾರಸ್ವತ ಮನೆತನಗಳ ಮೂವರು ತರುಣರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಮಂಗಳೂರು ಕೋಲಾಹಲಗೊಂಡಿತು. ಅವರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯರಿಗೆ ಆಗಲೇ ವಿವಾಹವಾಗಿತ್ತು. ಪತ್ನಿ ಅವರನ್ನು ಹಿಂಬಾಲಿಸಲಿಲ್ಲ, ಆ ಸಂಸಾರ ಒಡೆಯಿತು. ಮೊಗ್ಲಿಂಗರ ಪ್ರೋತ್ಸಾಹದಿಂದ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ಹಿಂದಿರುಗಿದರು. ಮಿಶನ್ ಇತಿಹಾಸಕಾರರು ಇದನ್ನು ವಿಜಯವೆಂದು ಬರೆದರು. ವಿದ್ಯೆಗಾಗಿ ಮಗನನ್ನು ಶಾಲೆಗೆ ಕಳುಹಿಸಿ, ಅವನನ್ನೇ ಕಳೆದುಕೊಂಡ ತಂದೆತಾಯಿಗಳ ದುಃಖವನ್ನು ಬರೆದವರು ಕಡಿಮೆ. ಮೊಗ್ಲಿಂಗರ ಸಾಹಿತ್ಯಸೇವೆಯನ್ನು ಮೆಚ್ಚುವವರು ಈ ನೋವನ್ನು ಮರೆಮಾಡಬೇಕಾಗಿಲ್ಲ. ಇತಿಹಾಸದಲ್ಲಿ ಎರಡೂ ಒಬ್ಬ ವ್ಯಕ್ತಿಯ ಬಾಳಿನಲ್ಲಿಯೇ ನಡೆದ ಸಂಗತಿಗಳು.

ಶಾಲೆಗೆ ಪುಸ್ತಕಗಳು ಬೇಕು, ಪುಸ್ತಕಗಳಿಗೆ ಅಚ್ಚು ಬೇಕು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಆರಂಭವಾಯಿತು. ಮೊಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆಯವರು ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರವನ್ನು ತರಿಸಿದ್ದರು. ಕಲ್ಲಚ್ಚಿನ ಕ್ರಮ ಸರಳವಾದುದು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನಯವಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮಸಿ ಸವರಿ ಕಾಗದವನ್ನು ಒತ್ತಿದರೆ ಅಕ್ಷರವಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆಗಳನ್ನು ಎರಕ ಹೊಯ್ಯುವ ತೊಡಕು ಇದರಲ್ಲಿಲ್ಲ. ಇದರ ಇನ್ನೊಂದು ಫಲವೂ ಗಮನಾರ್ಹವಾದುದು. ಕಲ್ಲಚ್ಚಿನ ಪುಟದಲ್ಲಿ ಲಿಪಿಕಾರನ ಕೈಬರಹವೇ ಮೂಡುವುದರಿಂದ, ಕೈಬರಹದ ಕಟ್ಟುಗಳಿಗೆ ಒಗ್ಗಿದ್ದ ಓದುಗನಿಗೆ ಅಚ್ಚಿನ ಪುಸ್ತಕ ಅಪರಿಚಿತವೆನಿಸುತ್ತಿರಲಿಲ್ಲ.

ಈ ಯಂತ್ರದಿಂದಲೇ 1843ರ ಜುಲೈ 1ರಂದು ಮೊಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಇದು ಕನ್ನಡದ ಮೊದಲ ಪತ್ರಿಕೆ. ನಾಲ್ಕು ಪುಟಗಳ ಈ ಪಾಕ್ಷಿಕದಲ್ಲಿ ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಪರದೇಶಗಳ ಸುದ್ದಿ, ಕಥೆಗಳು ಮುಂತಾದುವು ಇರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಪ್ರಕಟವಾಯಿತು. ಅದರ ಆಯುಷ್ಯ ಅಲ್ಪವಾದರೂ ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲ್ಪಡುತ್ತಿದೆ.

ಪತ್ರಿಕೆಗಿಂತಲೂ ಹಿರಿದಾದ ಕಾರ್ಯ ಮುಂದೆ ಬಂದಿತು. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಧನಸಹಾಯ ಮಾಡಲು ಒಪ್ಪಿದುದರಿಂದ, ಕನ್ನಡದ ಪ್ರಮುಖ ಕಾವ್ಯಗಳನ್ನು ಒಂದು ಮಾಲೆಯಾಗಿ ಅಚ್ಚು ಹಾಕಿಸುವ ಯೋಜನೆಯನ್ನು ಮೊಗ್ಲಿಂಗರು ಕೈಗೊಂಡರು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂದು ಪ್ರಸಿದ್ಧವಾದ ಈ ಮಾಲೆ 1848ರಲ್ಲಿ ಆರಂಭವಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳ ಸಂಕಲನ ಇವುಗಳೊಡನೆ, 1850ರ ಆಸುಪಾಸಿನಲ್ಲಿ, ಬಸವಪುರಾಣ ಮತ್ತು ಚೆನ್ನಬಸವಪುರಾಣಗಳು ಇದರಲ್ಲಿ ಸೇರಿದವು. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಆಧರಿಸಿ ಭೀಮಕವಿ 1369ರಲ್ಲಿ ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಕಾವ್ಯ ಮೊದಲಿನದು. ಶರಣರ ಚರಿತೆ, ಷಟ್ಸ್ಥಲದ ತತ್ತ್ವ, ಕಲ್ಯಾಣದ ನೆನಪು ಎಲ್ಲವನ್ನೂ ವಾರ್ಧಕ ಷಟ್ಪದಿಯಲ್ಲಿ ತುಂಬಿಟ್ಟ ಹದಿನಾರನೆಯ ಶತಮಾನದ ಮಹಾಕೃತಿ ಎರಡನೆಯದು. ಮಠಗಳಲ್ಲಿ ಪುರಾಣವಾಗಿ ಕೇಳಿಸಿಕೊಳ್ಳಲ್ಪಡುತ್ತಿದ್ದ ಈ ಕಾವ್ಯಗಳು ಅಚ್ಚಿನ ಪುಸ್ತಕಗಳಾಗಿ ಎಲ್ಲ ಮತದವರ ಕೈಗೂ ಎಟಕುವಂತಾದವು.

ಇಲ್ಲಿ ಎರಡು ಮಾತುಗಳನ್ನು ವಿವೇಚಿಸಬೇಕು. ಮೊದಲನೆಯದು, ಉದ್ದೇಶದ ಪ್ರಶ್ನೆ. ಜನರ ಮನಸ್ಸನ್ನು ಅರಿತು ಅದನ್ನು ತಮ್ಮ ಮತದತ್ತ ತಿರುಗಿಸುವುದಕ್ಕೆ ಈ ಗ್ರಂಥಗಳು ಸಾಧನವಾಗಬೇಕೆಂಬುದು ಮಿಶನರಿಗಳ ಅಪೇಕ್ಷೆಯಾಗಿತ್ತು. ಇದನ್ನು ಅವರು ಮುಚ್ಚಿಟ್ಟುದೂ ಇಲ್ಲ. ಆದರೆ ಒಂದು ಗ್ರಂಥವನ್ನು ಅಚ್ಚು ಹಾಕಿಸಬೇಕಾದರೆ ಪ್ರತಿಗಳನ್ನು ಸಂಗ್ರಹಿಸಬೇಕು, ಪಾಠಗಳನ್ನು ಹೋಲಿಸಬೇಕು, ಛಂದಸ್ಸನ್ನು ಅರಿಯಬೇಕು, ಬಲ್ಲವರ ಬಳಿ ಕುಳಿತು ಅರ್ಥ ಕೇಳಬೇಕು. ಈ ಶಿಸ್ತಿಗೆ ಒಳಗಾದವನು ಗ್ರಂಥಕ್ಕೆ ಅನ್ಯಾಯ ಮಾಡಲಾರ. ಕಲಿಸಲು ಬಂದ ಉಪಾಧ್ಯಾಯರು ಇಲ್ಲಿ ಶಿಷ್ಯರಾಗಿ ಕುಳಿತರು. ಅವರ ಕೈಯಲ್ಲಿ ಮೂಲವು ಖಂಡನೆಯ ಟಿಪ್ಪಣಿಗಳಿಂದ ಮುಚ್ಚಿಹೋಗದೆ ಕಾವ್ಯವಾಗಿಯೇ ಹೊರಬಂದಿತು.

ಎರಡನೆಯದು, ಆ ಮಾಲೆಯಲ್ಲಿ ಇಲ್ಲದಿರುವುದರ ಪ್ರಶ್ನೆ. ಅದರಲ್ಲಿ ಎರಡು ಪುರಾಣಗಳಿದ್ದರೂ ವಚನಗಳ ಸಂಪುಟ ಒಂದೂ ಇಲ್ಲ. ಬಸವಣ್ಣನವರ ಕಥೆ ಪ್ರಕಟವಾಯಿತು, ಅವರ ಮಾತು ಪ್ರಕಟವಾಗಲಿಲ್ಲ. ಪವಾಡಗಳಿಂದ ತುಂಬಿದ ಪುರಾಣವನ್ನು ಓದಿದ ಪರದೇಶೀಯ ವಿದ್ವಾಂಸನಿಗೆ, ಅಂತರಂಗಶುದ್ಧಿಯನ್ನೂ ಕಾಯಕವನ್ನೂ ಸಮಾನತೆಯನ್ನೂ ಸಾರಿದ ಅನುಭಾವಿಯ ದರ್ಶನ ಪೂರ್ಣವಾಗಿ ಆಗುವುದು ಕಷ್ಟ. ಜಿ. ವೂರ್ತರು 1860ರ ದಶಕದಲ್ಲಿ ಈ ಎರಡು ಪುರಾಣಗಳನ್ನು ಇಂಗ್ಲಿಷಿಗೆ ತಂದು ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ವಿದ್ವಾಂಸರು ವೀರಶೈವವನ್ನು ದೀರ್ಘಕಾಲ ಪುರಾಣಗಳ ಕನ್ನಡಿಯಲ್ಲಿ ನೋಡಿದುದಕ್ಕೆ ಇದೂ ಒಂದು ಕಾರಣ. ಈ ಕೊರತೆಗೆ ಮೊಗ್ಲಿಂಗರನ್ನಷ್ಟೇ ಹೊಣೆಯಾಗಿಸುವುದು ನ್ಯಾಯವಲ್ಲ. ವಚನಗಳ ಕಟ್ಟುಗಳು ಮಠ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಅಚ್ಚಿನ ಲೋಕಕ್ಕೆ ಬಂದಿರಲಿಲ್ಲ. ಅವುಗಳನ್ನು ಹೊರತರಲು ಆ ಪರಂಪರೆಯೊಳಗಿನಿಂದಲೇ ಒಬ್ಬ ಹಳಕಟ್ಟಿಯವರು ಬರಬೇಕಾಯಿತು.

1853ರಲ್ಲಿ ಮೊಗ್ಲಿಂಗರ ಬಾಳು ಮತ್ತೊಂದು ತಿರುವನ್ನು ಪಡೆಯಿತು. ಕೊಡಗಿನ ಸಂನ್ಯಾಸಿಯೊಬ್ಬರು ಮಂಗಳೂರಿಗೆ ಬಂದು ಅವರಿಂದ ಕ್ರೈಸ್ತದೀಕ್ಷೆ ಪಡೆದರು. ಅವರ ಬೆನ್ನಿಗೆ ಮೊಗ್ಲಿಂಗರು ಕೊಡಗಿಗೆ ಹೋಗಿ ನೆಲೆಸಿದರು. ಆನಂದಪುರದಲ್ಲಿ ದಲಿತ ಕುಟುಂಬಗಳಿಗಾಗಿ ಒಂದು ನೆಲೆ ಏರ್ಪಟ್ಟಿತು. ಅಲ್ಲಿಯೂ ಅವರ ಲೇಖನಿ ಸುಮ್ಮನಿರಲಿಲ್ಲ. ಕೊಡಗಿನ ನಾಡು, ಜನ, ಅರಸರ ವಿಷಯವಾಗಿ ಇಂಗ್ಲಿಷಿನಲ್ಲಿ ಬರೆದ ಅವರ ಗ್ರಂಥ 1855ರಲ್ಲಿ ಪ್ರಕಟವಾಯಿತು. ಹಾಲೇರಿಯ ವೀರಶೈವ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು 1857ರಲ್ಲಿ ಮುದ್ರಣಕ್ಕೆ ತಂದವರೂ ಅವರೇ. ದೊಡ್ಡವೀರರಾಜೇಂದ್ರನು ಬರೆಯಿಸಿದ ಈ ಗದ್ಯಕೃತಿ ಕನ್ನಡದ ಐತಿಹಾಸಿಕ ದಾಖಲೆಗಳಲ್ಲಿ ಮುಖ್ಯವಾದುದು. ಸಿಂಹಾಸನ ಅಳಿದ ಮೇಲೆ ಅದರ ಚರಿತ್ರೆಯಾದರೂ ಅಚ್ಚಿನಲ್ಲಿ ಉಳಿಯಿತು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಮೊಗ್ಲಿಂಗರ ಕನ್ನಡ ಸಾಹಿತ್ಯಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸಂಮಾನಿಸಿತು. ಮತಬೋಧನೆಗಾಗಿ ಹೊರಟ ವಿದ್ಯಾರ್ಥಿಯನ್ನು ಅವರ ವಿದ್ಯಾಪೀಠವೇ ಷಟ್ಪದಿಕಾವ್ಯಗಳ ಸಂಪಾದಕರೆಂದು ಗುರುತಿಸಿತು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅಲ್ಲಿಯೂ ದಾಸರ ಪದಗಳ ಜರ್ಮನ್ ಅನುವಾದಗಳನ್ನು ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರಲ್ಲಿ ಎಸ್ಲಿಂಗೆನ್ ನಗರದಲ್ಲಿ ನಿಧನರಾದರು. ಮಲಯಾಳ ನಿಘಂಟುಕಾರರಾದ ಹರ್ಮನ್ ಗುಂಡರ್ಟರು ಮರುವರ್ಷವೇ ತಮ್ಮ ಈ ಗೆಳೆಯರ ಜೀವನಚರಿತ್ರೆಯನ್ನು ಹೊರತಂದರು. ಮೊಗ್ಲಿಂಗರು ತೆರೆದ ದಾರಿಯಲ್ಲಿ ನಡೆದ ಫರ್ಡಿನಂಡ್ ಕಿಟ್ಟೆಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, 1894ರಲ್ಲಿ ತಮ್ಮ ಮಹಾನಿಘಂಟನ್ನು ನಾಡಿಗೆ ನೀಡಿದರು.

ಮೊಗ್ಲಿಂಗರು ಯಾವುದನ್ನು ತಮ್ಮ ಬಾಳಿನ ಮುಖ್ಯ ಕಾರ್ಯವೆಂದು ತಿಳಿದಿದ್ದರೋ ಅದರ ಫಲ ಅವರ ನಿರೀಕ್ಷೆಯನ್ನು ಮುಟ್ಟಲಿಲ್ಲ. ಯಾವುದನ್ನು ಅದರ ಸಾಧನವೆಂದು ಮಾತ್ರ ಭಾವಿಸಿದ್ದರೋ ಅದೇ ಉಳಿಯಿತು. ಮಲಸಮುದ್ರದ ಆಸೆ ಬಾಡಿತು, ಬಸವಪುರಾಣದ ಪುಟ ಬಾಡಲಿಲ್ಲ. ಕಾಯಕವು ನಿಷ್ಠೆಯಿಂದ ನಡೆದಾಗ ಅದರ ಫಲ ಮಾಡಿದವನ ಎಣಿಕೆಯನ್ನು ಮೀರಿ ಲೋಕಕ್ಕೆ ಸಲ್ಲುತ್ತದೆಂಬುದು ಶರಣರ ನಾಡಿಗೆ ಹೊಸ ಮಾತಲ್ಲ. ಮತಾಂತರದ ನೋವನ್ನು ಮರೆಯದೆ, ಅಕ್ಷರದಾಸೋಹದ ಋಣವನ್ನು ಅಲ್ಲಗಳೆಯದೆ ಈ ಪರದೇಶೀಯ ಉಪಾಧ್ಯಾಯರನ್ನು ನೆನೆಯುವುದು ಕನ್ನಡಿಗರಿಗೂ ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೂ ಭೂಷಣ. ಅವರ ಮಾಲೆಯಲ್ಲಿ ಬಿಟ್ಟುಹೋದುದನ್ನು ತುಂಬಿದ ಹಳಕಟ್ಟಿಯವರ ಕಥೆ ಎಲ್ಲರಿಗೂ ತಿಳಿದಿದೆ. ಆದರೆ ಮಠ ಮನೆಗಳ ಜಗುಲಿಯಿಂದ ಇನ್ನೂ ಕೆಳಗಿಳಿಯದ ಕಟ್ಟುಗಳು ಇರುವವರೆಗೆ ಆ ಕೆಲಸ ಮುಗಿಯಿತೆನ್ನುವಂತಿಲ್ಲ.